ನೈಲಾನ್ ಮಡಿ

ನಮ್ಮ ದೇವರ ಮನೆಯ ಬಾಗಿಲ ಪಕ್ಕದ ಮೊಳೆಗೆ ಕಿತ್ತಳೆ ಬಣ್ಣದ ಒಂದು ಕಾಗದದ ಪಟ್ಟಿ ನೇತಾಡುತ್ತಿದೆ. ಅದರ ಜೊತೆಗೆ ಬೆಟ್ಟದ ದೇವರ ಕಪ್ಪು ದಾರ, ಸುಬ್ರಹ್ಮಣ್ಯನ ಗುಡಿಯ ಕೆಂಪು ದಾರ, ಯಾವುದೋ ಕಾಲದ ಒಂದು ತಾಯಿತ ಎಲ್ಲವೂ ಒಟ್ಟಿಗೆ ಸಂಸಾರ ಮಾಡುತ್ತಿವೆ. ಮೊನ್ನೆ ಹಾಲು ತೆಗೆದುಕೊಳ್ಳಲು ಬಂದ ಪಕ್ಕದ ಬೀದಿಯ ನಸೀಮಾ ಅದನ್ನು ನೋಡಿದಳು.

"ಅಕ್ಕ, ಇದ್ಯಾವ ದೇವಸ್ಥಾನದ್ದು? ಹೊಸದಾಗೈತೆ. ನಮ್ಮನೆಯೋರಿಗೂ ಒಂದು ತರಿಸ್ಕೊಡಿ, ಸೊಂಟನೋವು ಬಿಡ್ತಾನೇ ಇಲ್ಲ."

ದೇವರ ಮನೆಯ ಮುಂದೆ ನಿಂತು ಸುಳ್ಳು ಹೇಳುವುದು ನನ್ನಿಂದಾಗದ ಕೆಲಸ. ಅದು ವಾಟರ್ ಪಾರ್ಕಿನಲ್ಲಿ ಟಿಕೆಟ್ ಕೊಂಡವರ ಕೈಗೆ ಸುತ್ತುವ ಪಟ್ಟಿ ಎಂದೆ. ನಸೀಮಾ ಹಾಲಿನ ಪಾತ್ರೆ ಕೆಳಗಿಟ್ಟು ನಕ್ಕಳು. ಅದು ಅಲ್ಲಿಗೆ ಹೋದದ್ದರಲ್ಲಿ ನನ್ನ ತಪ್ಪಿಲ್ಲ, ನನ್ನ ಕೈಯದು. ಊರಿಂದ ಊರಿಗೆ ಹೋಗಿ ಬಂದ ಮೇಲೆ ಮಣಿಕಟ್ಟಿನಿಂದ ಬಿಚ್ಚಿದ್ದನ್ನೆಲ್ಲ ಆ ಮೊಳೆಗೆ ಹಾಕುವುದು ಅದಕ್ಕೆ ರೂಢಿ. ಈಗ ತೆಗೆಯೋಣವೆಂದರೆ ಅತ್ತೆ ಒಪ್ಪುವುದಿಲ್ಲ. ದೇವರ ಹತ್ತಿರ ಇಟ್ಟದ್ದನ್ನು ಕಸದ ಬುಟ್ಟಿಗೆ ಹಾಕಬಾರದು, ಹರಿಯುವ ನೀರಿಗೇ ಬಿಡಬೇಕು ಎನ್ನುತ್ತಾರೆ. ನಮ್ಮ ಜಂಗಮಕೋಟೆಯ ಕಡೆ ಹರಿಯುವ ನೀರನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಪಟ್ಟಿ ಅಲ್ಲೇ ಇರಲಿ ಎಂದು ಸುಮ್ಮನಾಗಿದ್ದೇನೆ. ದಿನಾ ಬೆಳಿಗ್ಗೆ ಅದಕ್ಕೂ ಮಂಗಳಾರತಿ ಆಗುತ್ತಿದೆ.

ನೀವು ರೇಷ್ಮೆ ಹುಳು ಸಾಕಿದವರಲ್ಲದಿದ್ದರೆ ನಮ್ಮ ಮನೆಯ ರಜೆಯ ಕ್ರಮ ನಿಮಗೆ ವಿಚಿತ್ರವೆನಿಸಬಹುದು. ನಮಗೆ ಭಾನುವಾರವಿಲ್ಲ. ಹಬ್ಬವಿದೆ, ಆದರೆ ಹೋಳಿಗೆ ತಟ್ಟುವ ಕೈಯಲ್ಲೇ ಸೊಪ್ಪೂ ಹಾಕಬೇಕು. ನೆಂಟರ ಮದುವೆಗೆ ಹೋದರೆ ಧಾರೆ ಮುಗಿಯುವ ಮುಂಚೆಯೇ ಊಟದ ಮನೆ ಎಲ್ಲಿದೆ ಎಂದು ಕೇಳುವವರು ನಾವೇ. ಈ ಸೆರೆಯಿಂದ ಒಂದೇ ಒಂದು ಬಿಡುಗಡೆಯೆಂದರೆ ಹುಳುವಿನ ಜ್ವರ. ಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಆಗ ಅದು ತಲೆಯೆತ್ತಿಕೊಂಡು ಸನ್ಯಾಸಿಯ ಹಾಗೆ ಅಲ್ಲಾಡದೆ ಕೂತುಬಿಡುತ್ತದೆ. ಒಂದು ಹಗಲು ಒಂದು ರಾತ್ರಿ ಎಲೆ ಮುಟ್ಟುವುದಿಲ್ಲ. ಅಷ್ಟು ಹೊತ್ತು ನಾವು ಮನುಷ್ಯರು. ಮಗಳಿಗೆ ಜ್ವರ ಬಂದರೆ ಹರಕೆ ಹೊತ್ತುಕೊಳ್ಳುವ ನಾನು, ಹುಳುವಿಗೆ ಜ್ವರ ಎಂದು ಬರುತ್ತದೆಂದು ಕ್ಯಾಲೆಂಡರ್ ನೋಡುತ್ತೇನೆ. ದೇವರು ಎಲ್ಲವನ್ನೂ ನೋಡುತ್ತಿರುತ್ತಾನೆ, ಆದರೂ ಇದನ್ನು ಕ್ಷಮಿಸಿದ್ದಾನೆ ಎಂದೇ ನನ್ನ ನಂಬಿಕೆ.

ಈ ಸಲ ನನಗಿಂತ ಮೊದಲು ಕ್ಯಾಲೆಂಡರ್ ನೋಡಿದವಳು ಮಗಳು ಚೈತ್ರಾ. ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು.

"ಅಪ್ಪ, ನಾಲ್ಕನೇ ಜ್ವರ ಗುರುವಾರ ಬೀಳುತ್ತೆ. ವಾಟರ್ ಪಾರ್ಕಿಗೆ ಹೋಗಣ. ಕ್ಲಾಸಲ್ಲಿ ಹೋಗದೇ ಇರೋಳು ನಾನೊಬ್ಬಳೇ."

"ನೀರಾಟಕ್ಕೆ ಅಷ್ಟು ದೂರ ಯಾಕಮ್ಮ? ತೋಟದಲ್ಲಿ ಡ್ರಿಪ್ ಪೈಪು ಒಡೆದು ಚಿಮ್ಮತಾ ಐತೆ, ಬಾ," ಎಂದರು ನಮ್ಮ ಯಜಮಾನರು.

ನಾನು ತಕ್ಷಣ ಬಾಯಿ ಹಾಕಿದೆ. "ಮಗು ಅಷ್ಟು ಕೇಳ್ತೈತೆ, ಹೋಗಣ ಬಿಡಿ."

ಇಲ್ಲಿ ನಿಮಗೆ ಒಂದು ನಿಜ ಹೇಳಿಬಿಡಬೇಕು. ಆ ಮಾತಿನಲ್ಲಿ ಮಗುವಿನ ಪಾಲು ಕಡಿಮೆ. ನನಗೆ ಒಂದು ಹಳೆಯ ಆಸೆಯಿತ್ತು. ತಲೆ ಮುಳುಗುವಷ್ಟು ನೀರಿನಲ್ಲಿ ಒಂದು ಸಲ ಬೀಳಬೇಕು. ಅಷ್ಟೇ. ಚಿನ್ನ ಕೇಳಲಿಲ್ಲ, ಕಾಶಿ ಕೇಳಲಿಲ್ಲ.

ನಾನು ಹುಟ್ಟಿದ್ದು ಚಿಂತಾಮಣಿಯ ಹತ್ತಿರ, ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಿ. ನಾನು ಚಿಕ್ಕವಳಿದ್ದಾಗ ನಮ್ಮ ಹೊಲದ ಬಾವಿಯಲ್ಲಿ ಇನ್ನೂ ನೀರಿತ್ತು. ಬೇಸಿಗೆ ಬಂತೆಂದರೆ ನನ್ನ ಅಣ್ಣ ಮತ್ತು ಅವನ ಸೈನ್ಯ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ದಡದಿಂದ ಧಡಾರನೆ ಹಾರುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಹಾರಿದವನು ಒಂದು ಕ್ಷಣ ಕಾಣದೆ ಹೋಗುತ್ತಿದ್ದನಲ್ಲ, ಆ ಒಂದು ಕ್ಷಣ ಅವನು ಎಲ್ಲಿರುತ್ತಾನೆ, ಅಲ್ಲಿ ಏನಿದೆ ಎಂಬುದೇ ನನಗೆ ಕುತೂಹಲ. ಒಂದು ದಿನ ಯಾರೂ ಇಲ್ಲದಾಗ ಲಂಗ ಎತ್ತಿ ಕಟ್ಟಿ, ಸೋರೆಬುರುಡೆ ಬೆನ್ನಿಗೇರಿಸಿ ದಡಕ್ಕೆ ಬಂದೂ ಬಿಟ್ಟಿದ್ದೆ. ಹಿಂದಿನಿಂದ ಅಜ್ಜಿ ಜಡೆ ಹಿಡಿದು ಎಳೆದಳು.

"ಹುಡುಗ್ರು ಬಾವಿಗೆ ಬಿದ್ರೆ ಈಜು ಅಂತಾರೆ ಕಣೇ. ಹುಡುಗಿ ಬಿದ್ರೆ ಏನಂತಾರೆ ಗೊತ್ತೇನೆ?"

ಗೊತ್ತಿರಲಿಲ್ಲ. ದೊಡ್ಡವಳಾದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಬಾವಿಯೂ ಬತ್ತಿತ್ತು. ಈಗ ಅದರಲ್ಲಿ ಎಕ್ಕದ ಗಿಡ ಬೆಳೆದಿದೆ.

ನನ್ನ ಬಾಲ್ಯದ ವಾಟರ್ ಪಾರ್ಕೆಂದರೆ ಮಳೆರಾಯ. ಮಳೆ ಬಾರದ ವರ್ಷ ಹಲಗೆಯ ಮೇಲೆ ಮಣ್ಣಿನ ಗೊಂಬೆ ಮಾಡಿ, ಒಬ್ಬರ ತಲೆಯ ಮೇಲಿಟ್ಟು, ಮನೆಮನೆಗೆ ಹೋಗುತ್ತಿದ್ದೆವು. ಪ್ರತಿ ಮನೆಯ ಹೆಂಗಸೂ ಗೊಂಬೆಯ ಮೇಲೆ ಒಂದು ಕೊಡ ನೀರು ಸುರಿಯುತ್ತಿದ್ದಳು. ನೀರೆಲ್ಲ ಹೊತ್ತವರ ಮೈಮೇಲೆ. ನಾನು ಜಗಳವಾಡಿ ಹೊರುತ್ತಿದ್ದೆ. ಊರಿನವರು ಇವಳಿಗೆಷ್ಟು ಭಕ್ತಿ ಎನ್ನುತ್ತಿದ್ದರು. ಭಕ್ತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಒದ್ದೆಯಾಗುವ ಜಾಗದಲ್ಲೇ ಸ್ವಲ್ಪ ಹೆಚ್ಚಿತ್ತು. ಮದುವೆಯಾದ ಮೇಲೆ ಪುಣ್ಯಕ್ಷೇತ್ರಗಳಿಗೆ ಹೋಗಿದ್ದೇನೆ. ಅಲ್ಲಿಯೂ ಒಂದೋ ಪಾದ ಮುಳುಗುವಷ್ಟು ನೀರು, ಇಲ್ಲವೇ ನಲ್ಲಿ. ತಂಬಿಗೆಯಿಂದ ತಲೆಗೆ ಸುರಿದುಕೊಂಡು ಬಂದವಳು ನಾನು.

ಮಾವನವರನ್ನು ಹುಳಮನೆಯ ಕಾವಲಿಗೆ ಬಿಟ್ಟು, ನಾವು ನಾಲ್ವರು ಗುರುವಾರ ಬೆಳಿಗ್ಗೆ ಹೊರಟೆವು. ಅತ್ತೆಯೂ ಬಂದರು. "ನಾನೇನೂ ಆಡಲ್ಲಮ್ಮ, ಅಷ್ಟೊಂದು ನೀರು ಹೆಂಗಿರುತ್ತೆ ನೋಡ್ಕೊಂಡು ಬರ್ತೀನಿ," ಎಂದರು. ದಾರಿಯಲ್ಲಿ ನಂದಿಯ ಗುಡಿಯಲ್ಲಿ ಇಳಿದು ಕೈ ಮುಗಿದೆವು. ಅಮ್ಮನವರ ಸನ್ನಿಧಿಯಲ್ಲಿ ಅತ್ತೆಗೆ ಮಡಿಲಕ್ಕಿ ಕೊಟ್ಟರು: ಅಕ್ಕಿ, ಎಲೆ ಅಡಿಕೆ, ಅರಿಶಿನದ ಕೊಂಬು, ಅರಿಶಿನ ಕುಂಕುಮದ ಪೊಟ್ಟಣ.

ಪಾರ್ಕಿನ ಹೆಸರು ಬೇಡ. ಚಿಕ್ಕಬಳ್ಳಾಪುರದ ಆಸುಪಾಸಿನಲ್ಲಿ, ಹಿಂದೆ ದ್ರಾಕ್ಷಿ ತೋಟವಿದ್ದ ಜಾಗ ಎಂದರೆ ಸಾಕು. ನೀರಿಲ್ಲದೆ ದ್ರಾಕ್ಷಿ ಒಣಗಿತು, ಆದ್ದರಿಂದ ಅಲ್ಲಿ ನೀರಿನ ಪಾರ್ಕು ಮಾಡಿದರು. ದೊಡ್ಡವರ ಬುದ್ಧಿ ನಮಗೆ ತಿಳಿಯುವುದಿಲ್ಲ.

ಬಾಗಿಲಲ್ಲಿ ಚೀಲದ ತಪಾಸಣೆ. ಸಮವಸ್ತ್ರದ ಹೆಂಗಸು ನಮ್ಮ ಚಿತ್ರಾನ್ನದ ಡಬ್ಬಿಯನ್ನು ಬಾಂಬು ಸಿಕ್ಕವಳ ಹಾಗೆ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ. ಆಮೇಲೆ ಅತ್ತೆಯ ಮಡಿಲಕ್ಕಿಯ ಗಂಟು ಸಿಕ್ಕಿತು.

"ಇದು ಫುಡ್ಡು. ಬಿಡಲ್ಲ ಅಜ್ಜಿ."

"ಹಸಿ ಅಕ್ಕಿ ಯಾರಾದ್ರೂ ತಿಂತಾರೇನಮ್ಮ? ಇಲ್ಲಿ ಒಲೆ ಹಚ್ತೀನಾ ನಾನು?"

ಹೆಂಗಸು ಯೋಚಿಸಿ ಸೂಪರ್‌ವೈಸರನ್ನು ಕರೆದಳು. ಅವರು ಇನ್ನೊಬ್ಬರಿಗೆ ಫೋನು ಮಾಡಿದರು. ಅಕ್ಕಿ ಊಟವೋ ಅಲ್ಲವೋ ಎಂದು ಬಿಸಿಲಿನಲ್ಲಿ ಐದಾರು ನಿಮಿಷ ಶಾಸ್ತ್ರಾರ್ಥ ನಡೆಯಿತು. ಕೊನೆಗೆ ಬೇಯಿಸುವ ತನಕ ಅದು ಊಟವಲ್ಲ ಎಂಬ ತೀರ್ಮಾನ ಮೇಲಿನಿಂದ ಬಂದು, ಗಂಟು ಒಳಗೆ ಹೋಯಿತು. ಚಿತ್ರಾನ್ನ ಹೊರಗುಳಿಯಿತು. ಅಂದು ಮಧ್ಯಾಹ್ನ ಒಳಗೆ ಕೊಂಡು ತಿಂದ ಚಿತ್ರಾನ್ನದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅನ್ನವನ್ನು ಬೈಯಬಾರದು.

ಒಳಗೆ ಹೋದ ಮೇಲೆ ನನಗೆ ಧೈರ್ಯ ಬಂತು. ಎಲ್ಲವೂ ನನಗೆ ಗೊತ್ತಿದ್ದ ದೇವಸ್ಥಾನಗಳ ಹಾಗೆಯೇ ಇತ್ತು. ಚಪ್ಪಲಿ ಬಿಡಲು ಒಂದು ಕೌಂಟರು, ಸಾಮಾನಿಡಲು ಒಂದು ಕೌಂಟರು, ಕಬ್ಬಿಣದ ಕಂಬಿಗಳ ನಡುವೆ ಸುತ್ತಿ ಸುತ್ತಿ ಹೋಗುವ ಸಾಲು. ಹೆಚ್ಚು ಕೊಟ್ಟವರಿಗೆ ಬೇರೆ ಸಾಲು. ಅವರು ನಮ್ಮ ಮುಖ ನೋಡದೆ ಪಕ್ಕದಲ್ಲೇ ಸರಸರನೆ ಹೋಗುತ್ತಾರೆ, ನಾವು ಅವರನ್ನು ನೋಡಿ ದೇವರಿದ್ದಾನೆ ಎಂದುಕೊಳ್ಳುತ್ತೇವೆ. ನೀರಿಗಿಳಿಯುವ ಮುಂಚೆ ಎಲ್ಲರೂ ಸ್ನಾನ ಮಾಡಬೇಕು ಎಂದು ಬೋರ್ಡು ಬೇರೆ ಇತ್ತು. ಕಲ್ಯಾಣಿಗೂ ಇದೇ ನಿಯಮ.

ಮಡಿಯ ವಿಷಯದಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯುವಂತಿಲ್ಲ. ಸೀರೆ ಇಲ್ಲವೇ ಇಲ್ಲ.

"ರೇಷ್ಮೆ ನಡೆಯುತ್ತೇನಮ್ಮ?" ಎಂದು ಕೇಳಿದೆ. ರೇಷ್ಮೆ ಎಲ್ಲ ಕಡೆ ಮಡಿಯಲ್ಲವೇ.

"ನೈಲಾನ್ ಮಾತ್ರ ಆಂಟಿ," ಎಂದಳು ಬಟ್ಟೆ ಬಾಡಿಗೆ ಕೊಡುವವಳು. ರೇಷ್ಮೆ ಬೆಳೆಯುವವರ ಮುಂದೆ ಈ ಮಾತು ಆಡಲು ಅವಳಿಗೆ ಒಂದಿಷ್ಟೂ ಅಳುಕಿರಲಿಲ್ಲ.

ಮೊಣಕಾಲು ದಾಟುವ ಕಪ್ಪು ಅಂಗಿ, ಅದರ ಮೇಲೆ ನಗುವ ಮೀನು, ಕೆಳಗೆ ಕಾಲಿಗೆ ಅಂಟುವ ಕಪ್ಪು ಚೀಲ. ಹಾಕಿಕೊಂಡು ಕನ್ನಡಿ ನೋಡಿದೆ. ದೇವರು ಆ ಕನ್ನಡಿಗೆ ಆವಿ ಹಿಡಿಸಿದ್ದ. ಅದೂ ಒಂದು ದಯೆ. ಹೊರಗೆ ಬಂದರೆ ನಮ್ಮ ಯಜಮಾನರು ಅನಾನಸ್ ಹಣ್ಣಿನ ಚಿತ್ರವಿರುವ ಚಡ್ಡಿಯಲ್ಲಿ ನಿಂತಿದ್ದರು. ತೋಟದಲ್ಲಿ ಅವರು ದಿನವೂ ಚಡ್ಡಿಯಲ್ಲೇ ಇರುತ್ತಾರೆ. ಆದರೆ ಆ ಚಡ್ಡಿಯಲ್ಲಿ ಹಣ್ಣು ಬಿಟ್ಟಿರುವುದಿಲ್ಲ.

"ಏನ್ ಪದ್ಮಾ, ಮೀನು ನಗ್ತೈತೆ," ಎಂದರು.

"ನಿಮ್ಮನ್ನ ನೋಡಿ," ಎಂದೆ.

ಮೊದಲು ಸಿಕ್ಕಿದ್ದು ಮಳೆ ಕುಣಿತ. ತಗಡಿನ ಕೊಳವೆಗಳಿಂದ ಮಳೆ ಸುರಿಯುತ್ತಿತ್ತು, ಕೆಳಗೆ ಹಾಡಿಗೆ ತಕ್ಕಂತೆ ನೂರಾರು ಜನ ಕುಣಿಯುತ್ತಿದ್ದರು. ಬೇಲಿಯಾಚೆ ಯಾರದೋ ಹೊಲ ಒಣಗಿ ಬಿದ್ದಿತ್ತು. ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಹೊಲದ ಪಕ್ಕದಲ್ಲಿ ಕುಣಿದರೆ ಮಳೆರಾಯನಿಗೆ ಗೊಂದಲವಾಗದಿರುತ್ತದೆಯೇ? ಇಲ್ಲಿ ಆಗಲೇ ಬಂದಿದೆ ಎಂದುಕೊಂಡು ಮುಂದಿನ ತಾಲ್ಲೂಕಿಗೆ ಹೋಗಿಬಿಡುತ್ತಾನೆ.

ಆಮೇಲೆ ಕಂಡದ್ದು ಆ ಜಾರುಬಂಡೆ. ಮೂರು ಅಂತಸ್ತಿನ ಎತ್ತರದಿಂದ ನೀಲಿ ಕೊಳವೆಯೊಂದು ಸುರುಳಿ ಸುರುಳಿಯಾಗಿ ಇಳಿದು ಕೆಳಗಿನ ಕೊಳಕ್ಕೆ ಜನರನ್ನು ಉಗುಳುತ್ತಿತ್ತು. ಬಿದ್ದವರು ನೀರಲ್ಲಿ ಒಂದು ಕ್ಷಣ ಕಾಣದೆ ಹೋಗಿ, ಆಮೇಲೆ ತಲೆ ಕೊಡವಿಕೊಂಡು ಏಳುತ್ತಿದ್ದರು.

"ಮಗಳೊಬ್ಬಳನ್ನೇ ಬಿಡಬಾರದು," ಎಂದು ಯಾರೂ ಕೇಳದಿದ್ದರೂ ಹೇಳಿ, ಚೈತ್ರಾಳ ಹಿಂದೆ ಮೆಟ್ಟಿಲು ಹತ್ತಿದೆ. ಯಜಮಾನರಿಗೆ ಎತ್ತರಕ್ಕೆ ಹೋದರೆ ತಲೆಸುತ್ತು. ಅವರು ಐಸ್‌ಕ್ರೀಂ ಕೊಂಡುಕೊಂಡು ಕೆಳಗೆ ನಿಂತರು. ಅತ್ತೆ ಮಕ್ಕಳ ಕೊಳದ ಪಕ್ಕ ನೆರಳಿನಲ್ಲಿ ಗಂಟು ತಬ್ಬಿ ಕೂತಿದ್ದರು.

ತುದಿ ತಲುಪಲು ಮುಕ್ಕಾಲು ಗಂಟೆ. ಅಲ್ಲಿ ಮೀಸೆ ನರೆತ ಕಾವಲುಗಾರರೊಬ್ಬರು ಕೊಳವೆಯ ಬಾಯಿಯ ಪಕ್ಕ ನಿಂತು ಜನರನ್ನು ಒಬ್ಬೊಬ್ಬರಾಗಿ ಒಳಗೆ ದೂಡುತ್ತಿದ್ದರು. ನನ್ನ ಕುತ್ತಿಗೆ ನೋಡಿ ಕೈ ಅಡ್ಡ ಹಿಡಿದರು.

"ಚೈನು, ಪಿನ್ನು ಬಿಡಲ್ಲಮ್ಮ. ತೆಗೀಬೇಕು."

"ಇದು ಚೈನಲ್ಲಪ್ಪ, ತಾಳಿ."

"ನಮಗೂ ಗೊತ್ತಮ್ಮ. ರೂಲ್ಸು. ಕೊಳವೇಲಿ ಸಿಕ್ಕಾಕ್ಕೊಂಡ್ರೆ ಕುತ್ತಿಗೆಗೇ ಬರುತ್ತೆ."

ತಾಳಿಯ ಸರಕ್ಕೆ ಐದು ಪಿನ್ನುಗಳೂ ಇದ್ದವು. ಹೆಂಗಸರ ಸಂಸಾರ ಗೊತ್ತಲ್ಲ, ಒಂದು ಪಿನ್ನು ತನಗೆ, ನಾಲ್ಕು ಊರಿಗೆ.

"ತೆಗಿಯಮ್ಮ, ಎರಡು ನಿಮಿಷ ಅಷ್ಟೇ," ಎಂದಳು ಚೈತ್ರಾ. "ನೋಡು, ಅಪ್ಪ ಕೆಳಗೆ ಆರಾಮಾಗಿ ಕೋನ್ ತಿಂತಿದ್ದಾರೆ. ಏನೂ ಆಗಲ್ಲ."

ನೋಡಿದೆ. ಆರಾಮಾಗಿಯೇ ಇದ್ದರು. ಆದರೂ ಕೈ ಕೊರಳಿಗೆ ಹೋಗಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅದು ಕೊರಳು ಬಿಟ್ಟಿದ್ದು ಎರಡೇ ಸಲ, ಎರಡೂ ಸಲ ಅಕ್ಕಸಾಲಿಗನ ಹತ್ತಿರ ಕೊಂಡಿ ಸರಿಮಾಡಿಸಲು. ಚೈತ್ರಾ ಉಫ್ ಎಂದು ಕೊಳವೆಯೊಳಗೆ ಕೂತು ಮಾಯವಾದಳು. ನಾನು ಮೆಟ್ಟಿಲಿಳಿದೆ. ಹತ್ತುವವರೆಲ್ಲ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು, "ಹೆದರಿಕೊಂಡ್ರಾ ಆಂಟಿ?" ಎಂದು ಕನಿಕರದಿಂದ ಕೇಳುತ್ತಿದ್ದರು. ಗರ್ಭಗುಡಿಯ ಹೊಸ್ತಿಲಿನಿಂದ ವಾಪಸು ಕಳಿಸಿದ ಭಕ್ತೆಗೆ ಏನಾಗಬೇಕೋ ಅದೇ ನನಗಾಗಿತ್ತು. ಅಳು ಬಂತು. ಮುಖವೆಲ್ಲ ಹೇಗೂ ಬೆವರಿನಿಂದ ಒದ್ದೆಯಾಗಿತ್ತು, ಯಾರಿಗೂ ಕಾಣಲಿಲ್ಲ. ಇದನ್ನೂ ದಯೆಯ ಲೆಕ್ಕಕ್ಕೇ ಹಾಕಿದೆ.

ಅತ್ತೆಯ ಪಕ್ಕ ಹೋಗಿ ಕೂತೆ. ನಡೆದದ್ದನ್ನು ಹೇಳಿದೆ. "ಪಾಪ, ಚೈತ್ರಮ್ಮಂಗೆ ನಾನು ಜೊತೆಗೆ ಬರಲಿ ಅಂತ ಆಸೆ ಇತ್ತು," ಎಂದು ಸೇರಿಸಿದೆ.

ಅತ್ತೆ ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ, ಮೀನು ಸಮೇತ ನೋಡಿದರು. "ಅವಳಿಗೆ ಆಸೆಯೋ, ನಿನಗೋ?"

"ನನಗೇ ಅತ್ತೆ," ಎಂದೆ.

ನನ್ನ ಅತ್ತೆಯ ನೇಮ ನಿಷ್ಠೆ ನಮ್ಮೂರಿಗೆಲ್ಲ ಗೊತ್ತು. ಏಕಾದಶಿಯ ದಿನ ಬೆಕ್ಕಿಗೂ ಹಾಲು ಹಾಕುವವರಲ್ಲ. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಮಡಿಲಕ್ಕಿಯ ಗಂಟು ಬಿಚ್ಚುತ್ತಿದ್ದರು.

"ಪೋನೀಲೇ," ಎಂದರು. ಕೋಪ ಬಂದರೂ ಪ್ರೀತಿ ಬಂದರೂ ಅವರ ಬಾಯಿಗೆ ತೆಲುಗೇ ಬರುವುದು. ಹೋಗಲಿ ಬಿಡು ಎನ್ನುವಾಗಲೂ ಅಷ್ಟೇ. "ಅಕ್ಕಸಾಲಿಗನ ಹತ್ರ ಬಿಟ್ಟಾಗ ಏನ್ ಮಾಡ್ತೀವಿ? ಅರಿಶಿನದ ಕೊಂಬು ಕಟ್ಕೊಳ್ತೀವಿ ತಾನೆ. ಇದೂ ಹಂಗೇ ಅಂದ್ಕೋ. ಮಂಡಿ ನೆಟ್ಟಗಿದ್ದಿದ್ರೆ ನಾನೇ ಹೋಗಿ ಬೀಳ್ತಿದ್ದೆ."

ನಾನೂ ಗಂಟಿನೊಳಗೆ ಕೈ ಹಾಕಿ ಕೊಂಬು ಹುಡುಕಿದೆ.

ಕೊಂಬು ಸಿಕ್ಕಿತು, ದಾರವಿರಲಿಲ್ಲ. ಅತ್ತೆ ತಮ್ಮ ಮುಡಿಯಲ್ಲಿದ್ದ ಹೂವನ್ನು ತೆಗೆದು, ಕನಕಾಂಬರವನ್ನೆಲ್ಲ ಉದುರಿಸಿ, ಕಟ್ಟಿದ್ದ ದಾರವನ್ನು ಹುರಿ ಮಾಡಿದರು. ಅಂಗೈಗೆ ಮಕ್ಕಳ ಕೊಳದ ನೀರು ತೆಗೆದುಕೊಂಡು ಪೊಟ್ಟಣದ ಅರಿಶಿನವನ್ನು ಪೂರ್ತಿ ಕಲಸಿ ದಾರಕ್ಕೆ ಬಳಿದರು. ಉಳಿದದ್ದನ್ನು ದಂಡ ಮಾಡಬಾರದೆಂದು ನನ್ನ ಕುತ್ತಿಗೆಗೆ, ಕೆನ್ನೆಗೆ ಹಚ್ಚಿದರು. ಇಷ್ಟಾದ ಮೇಲೆ ಮಗನನ್ನು ಕರೆದರು.

"ಲೇ ನಾರಾಯಣ, ಬಾರೋ ಇಲ್ಲಿ. ಕಟ್ಟಿದೋನೇ ಕಟ್ಟಬೇಕು."

ಯಜಮಾನರು ಕೋನಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಬಂದರು. ವಿಷಯ ಕೇಳಿ ಸುತ್ತ ನೋಡಿದರು. "ಇಲ್ಲೇನಮ್ಮ? ಜನ ನೋಡ್ತಾರೆ."

"ಮದುವೆ ದಿನ ಎಂಟುನೂರು ಜನ ನೋಡಿದ್ರು. ಅವತ್ತು ನಾಚಿಕೆ ಇರಲಿಲ್ವೇನೋ?"

ಅನಾನಸ್ ಚಡ್ಡಿಯವರು ನನ್ನ ಹಿಂದೆ ಬಂದು ನಿಂತರು. ಮೊದಲನೆಯ ಗಂಟು ಬಿದ್ದಾಗಲೇ ನಾಲ್ಕಾರು ಕಾಲೇಜು ಹುಡುಗಿಯರು ಫೋನು ಹಿಡಿದು ನಿಂತಿದ್ದರು. ಎರಡನೆಯದಕ್ಕೆ ಸುತ್ತಲೂ ಸಭೆ ಸೇರಿತು. ಮೂರನೆಯ ಗಂಟಿಗೆ ಯಾರೋ ಅಕ್ಷತೆಯೆಂದು ಪಾಪ್‌ಕಾರ್ನ್ ಎಸೆದರು. ಸಮವಸ್ತ್ರದವನೊಬ್ಬ ಜನರನ್ನು ಸೀಳಿಕೊಂಡು ಓಡಿ ಬಂದ.

"ಸಾರ್, ಪ್ರೀ ವೆಡ್ಡಿಂಗ್ ಶೂಟಿಗೆ ಆಫೀಸಲ್ಲಿ ಬೇರೆ ಪರ್ಮಿಷನ್ ತಗೋಬೇಕು."

"ವೆಡ್ಡಿಂಗ್ ಆಗಿ ಇಪ್ಪತ್ತೊಂದು ವರ್ಷ ಆಯ್ತಪ್ಪ. ಪರ್ಮಿಷನ್ ಇಲ್ಲಿ ಕೂತಿದ್ದಾರೆ ನೋಡು," ಎಂದು ಯಜಮಾನರು ಅತ್ತೆಯನ್ನು ತೋರಿಸಿದರು. ನಾನು ಬಿಚ್ಚಿಕೊಟ್ಟಿದ್ದ ತಾಳಿಯನ್ನು ಅತ್ತೆ ಅಕ್ಕಿಯೊಳಗೆ ಹುದುಗಿಸಿ, ಗಂಟು ಬಿಗಿದು, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಅವನು ಅವರ ಮುಖ ನೋಡಿ ಹಿಂದಕ್ಕೆ ಹೋದ.

ಮತ್ತೆ ಮೆಟ್ಟಿಲು, ಮತ್ತೆ ಸಾಲು. ಮೀಸೆಯವರು ನನ್ನ ಕುತ್ತಿಗೆ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಮ್ಮ ಮತ್ತೆ?"

"ಕೊಂಬು. ನಿಮ್ಮ ಬೋರ್ಡಲ್ಲಿ ಲೋಹದ ಒಡವೆ ಅಂತೈತೆ. ಇದು ಬೇರು. ಹೂವಿನ ದಾರ, ಎಳೆದ್ರೆ ಕಿತ್ತು ಬರುತ್ತೆ."

ಅವರು ತಿರುಗಿ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಹೃದ್ರೋಗಿಗಳು, ಬಸುರಿಯರು, ಕುಡಿದವರು, ಕನ್ನಡಕದವರು ಎಲ್ಲರೂ ಇದ್ದರು. ಅರಿಶಿನ ಇರಲಿಲ್ಲ. ದಾರವನ್ನು ಬೆರಳಿನಿಂದ ಒಮ್ಮೆ ಜಗ್ಗಿ ನೋಡಿ ತಲೆಯಾಡಿಸಿದರು.

"ಯಾವೂರಮ್ಮ?"

"ಜಂಗಮಕೋಟೆ ಹತ್ರ."

"ನಮ್ದು ಮಂಚೇನಹಳ್ಳಿ. ಮೊದಲು ಇದೇ ಜಾಗದಲ್ಲಿ ದ್ರಾಕ್ಷಿ ಕೊಯ್ಯೋ ಮೇಸ್ತ್ರಿ ನಾನು. ಈಗ ಜನರನ್ನ ಉದುರಿಸ್ತೀನಿ. ಕೂತ್ಕೊಳ್ಳಿ, ಕೈ ಎದೆ ಮೇಲೆ ಇಟ್ಕೊಳ್ಳಿ."

ಎದೆಯ ಮೇಲೆ ಕೈಯಿಟ್ಟುಕೊಂಡು ಕುಲದೇವರನ್ನು ನೆನೆದೆ. ದೂಡಿದರು. ಮೊದಲ ತಿರುವಿನಲ್ಲಿ ಗೋವಿಂದಾ ಎಂದೆ. ಎರಡನೆಯ ತಿರುವಿನಲ್ಲಿ ಯಾವ ದೇವರ ಹೆಸರೂ ನೆನಪಾಗಲಿಲ್ಲ. ಮೂರನೆಯದರಲ್ಲಿ ನನ್ನ ಹೆಸರೇ ನೆನಪಿರಲಿಲ್ಲ. ಬೆಳಕು ಬಂತು, ಬಿದ್ದೆ.

ಬಿದ್ದೆ ಎನ್ನುವುದು ದೊಡ್ಡ ಮಾತು. ತೆಳ್ಳಗಿರುವವರು ಕಲ್ಲಿನ ಹಾಗೆ ಹಾರಿ ಬಂದು ಮುಳುಗುತ್ತಿದ್ದರು. ನನ್ನ ಗಾತ್ರಕ್ಕೆ ಕೊಳವೆ ಕೊನೆಯಲ್ಲಿ ಉಸಿರು ಕಟ್ಟಿ, ನನ್ನನ್ನು ಮೆಲ್ಲಗೆ ಮಣೆಯ ಮೇಲೆ ಕೂರಿಸುವಂತೆ ನೀರಿನಲ್ಲಿ ಕೂರಿಸಿತು. ನೀರು ಕುತ್ತಿಗೆಯ ಮಟ್ಟಕ್ಕೆ ಬಂತು. ತಲೆ ಒಣಗಿದ್ದ ಹಾಗೆಯೇ ಇತ್ತು. ಎರಡು ಸಲ ಬೆಟ್ಟ ಹತ್ತಿ, ನಡುಹಗಲಲ್ಲಿ ಎರಡನೇ ಮದುವೆಯಾಗಿ ಬಂದದ್ದು ಇದಕ್ಕೇ ಎಂದುಕೊಳ್ಳುತ್ತಾ ಎದ್ದು ನಿಂತೆ.

ಅಷ್ಟರಲ್ಲಿ ಸೀಟಿ ಕೇಳಿಸಿತು. ದಡದಲ್ಲಿದ್ದ ಕಾವಲುಗಾರ ನೀರಿನ ಕಡೆ ಕೈ ತೋರಿಸಿ ಉಸಿರು ಬಿಡದೆ ಊದುತ್ತಿದ್ದ. ನೋಡಿದರೆ, ನನ್ನ ಸುತ್ತ ಅಂಗೈಯಗಲ ಹಳದಿ. ಅದು ತಟ್ಟೆಯಗಲವಾಯಿತು. ನೋಡನೋಡುತ್ತಿದ್ದಂತೆ ಚಾಪೆಯಗಲವಾಯಿತು.

"ಎಲ್ಲಾ ಆಚೆ ಬನ್ನಿ. ಯಾರೋ ನೀರಲ್ಲಿ ಗಲೀಜು ಮಾಡಿದ್ದಾರೆ. ಆಚೆ ಬನ್ನಿ."

ನೂರು ಜನ ಕೆಂಡ ತುಳಿದವರಂತೆ ದಡಕ್ಕೆ ಹತ್ತಿದರು. ಹತ್ತಿದ ಮೇಲೆ ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಕಂಕುಳಲ್ಲಿ ವರ್ಷದ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಚಿಕ್ಕ ಪ್ರಾಯದ ತಾಯಿಯ ಕಡೆಗೆ.

"ಇಂಥ ಮಕ್ಕಳನ್ನ ಯಾಕ್ ಕರ್ಕೊಂಡು ಬರ್ತಾರೋ."

"ಓದಿದೋರ ಹಾಗೆ ಕಾಣ್ತಾರೆ, ಅಷ್ಟೂ ಗೊತ್ತಾಗಲ್ವಾ?"

"ನನ್ನ ಮಗು ಮಾಡಿಲ್ಲ ರೀ," ಎಂದು ಆ ಹುಡುಗಿ ಮಗುವಿನ ಚಡ್ಡಿ ಮುಟ್ಟಿ ಮುಟ್ಟಿ ತೋರಿಸುತ್ತಿದ್ದಳು. ಮಗು ಎಲ್ಲರನ್ನೂ ನೋಡಿ ನಗುತ್ತಿತ್ತು. ಅದಕ್ಕೆ ಪಾಪ ಏನು ಗೊತ್ತು, ತನ್ನ ಮೇಲೆ ಎಂಥ ಆಪಾದನೆ ಬಂದಿದೆ ಎಂದು.

ನಾನು ಕೊಳದ ನಡುವೆ ನಿಂತೇ ಇದ್ದೆ. ಸುಮ್ಮನೆ ದಡ ಹತ್ತಿ ಜನರೊಳಗೆ ಸೇರಿಕೊಂಡಿದ್ದರೆ ಆಗುತ್ತಿತ್ತು. ಮನಸ್ಸು ಅರೆಗಳಿಗೆ ಆ ಕಡೆ ಹೋಗಿತ್ತು, ಇಲ್ಲವೆನ್ನಲಾರೆ. ಆದರೆ ಬೇರೊಬ್ಬಳ ಮಗುವಿನ ತಲೆಗೆ ಅಪವಾದ ಕಟ್ಟಿ ಮನೆಗೆ ಹೋಗಿ ದೀಪ ಹಚ್ಚುವುದು ಹೇಗೆ?

"ಆ ತಾಯಿನ ಯಾಕಪ್ಪ ಬೈತೀರ? ಇದು ನನ್ನ ಕುತ್ತಿಗೆ ಅರಿಶಿನ," ಎಂದು ಕೂಗಿ ಹೇಳಿದೆ. ಕೊಂಬನ್ನು ಎತ್ತಿ ತೋರಿಸಿದೆ.

ಯಾರೂ ನಂಬಿದ ಹಾಗೆ ಕಾಣಲಿಲ್ಲ. ಅಷ್ಟು ದೊಡ್ಡ ಹೆಂಗಸು ಎಂದು ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಿದ್ದು ನೀರಿನ ಮೇಲೆ ಸ್ಪಷ್ಟವಾಗಿ ತೇಲಿ ಬಂತು. ಫೋನು ಹಿಡಿದ ಕೈಗಳು ಮಗುವನ್ನು ಬಿಟ್ಟು ನನ್ನ ಕಡೆ ತಿರುಗಿದವು. ಆ ಹುಡುಗಿ ಮಗುವನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡಿದಳು. ಮಗಳು ಚೈತ್ರಾ ದಡದಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. "ಅಮ್ಮಾ, ಆಚೆ ಬಾರಮ್ಮ ಸಾಕು," ಎಂದಳು ಬೆರಳ ಸಂದಿಯಿಂದ. ಅವಳ ಪಕ್ಕದ ಅನಾನಸ್ ಚಡ್ಡಿಯವರು ತಾನು ಯಾರ ಕಡೆಯವನೂ ಅಲ್ಲ ಎಂಬಂತೆ ಆಕಾಶ ನೋಡುತ್ತಿದ್ದರು. ದೂರದಲ್ಲಿ ಅತ್ತೆ ಮಾತ್ರ ಅಕ್ಕಿಯ ಗಂಟು ಸಮೇತ ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ ನನ್ನನ್ನು ನೋಡುತ್ತಿದ್ದರು.

ಕಾವಲುಗಾರ ಇನ್ನೂ ಊದುತ್ತಲೇ ಇದ್ದ.

ಮಾನ ಹೋಗುವಷ್ಟು ಹೋಗಿತ್ತು. ಅಷ್ಟು ದೊಡ್ಡ ಕೊಳದಲ್ಲಿ ನಾನೊಬ್ಬಳೇ. ಸಾಲಿಲ್ಲ, ಕಂಬಿಯಿಲ್ಲ, ಹಿಂದಿನಿಂದ ದೂಡುವವರಿಲ್ಲ. ಇಂಥ ದರ್ಶನ ಹೆಚ್ಚು ಕೊಟ್ಟವರಿಗೂ ಸಿಕ್ಕಿರಲಾರದು.

ಬಾರದವರ ಹೆಸರಿನಲ್ಲಿ ಮುಳುಗುವುದು ನಮ್ಮಲ್ಲಿ ಪದ್ಧತಿ. ಮೂಗು ಹಿಡಿದುಕೊಂಡು ಒಂದು ಮುಳುಗು ಮನೆ ಕಾಯುತ್ತಿದ್ದ ಮಾವನವರ ಹೆಸರಿನಲ್ಲಿ ಹಾಕಿದೆ. ಇನ್ನೊಂದು, ಮಂಡಿನೋವಿನ ಅತ್ತೆಯ ಹೆಸರಿನಲ್ಲಿ. ಮೂರನೆಯದಕ್ಕೆ ಯಾರ ಹೆಸರನ್ನೂ ಹೇಳಲಿಲ್ಲ. ಒಳಗೆ ಸೀಟಿ ಕೇಳಿಸುತ್ತಿರಲಿಲ್ಲ. ಅದರಲ್ಲಿ ಸ್ವಲ್ಪ ಹೆಚ್ಚು ಹೊತ್ತೇ ಇದ್ದೆ.